ಚಂದ್ರನಲ್ಲಿ ಅಡಿಕೆ ವ್ಯಾಪಾರ

ಓಣಂ ಪರೀಕ್ಷೆ ಹತ್ತಿರ ಬಂದಿತ್ತು. ಮಳೆ ಬಿಡುವ ಲಕ್ಷಣ ಇರಲಿಲ್ಲ. ಕಾಸರಗೋಡಿನ ಪೆರ್ಲದ ಹತ್ತಿರದ ಭಟ್ರ ಮನೆ ಜಗಲಿಯಲ್ಲಿ ನಾವೆಲ್ಲ ಸೇರಿದ್ದೆವು. ಐತಪ್ಪಣ್ಣ ಬಂದದ್ದು ತೋಟಕ್ಕೆ ಮದ್ದು ಬಿಡಲಿಕ್ಕೆ. ಅಬ್ದುಲ್ಲಿಚ್ಚ ಬಂದದ್ದು ಹಳೇ ಅಡಿಕೆ ನೋಡಲಿಕ್ಕೆ. ರಿಟೈರ್ ಆದ ಮಾಷ್ಟ್ರು ಬಂದದ್ದು ಚಹಾಕ್ಕೆ. ನಾನು ಯಾಕೆ ಬಂದೆ ಅಂತ ಯಾರೂ ಕೇಳಲಿಲ್ಲ.

ಭಟ್ರ ಮಗಳು ಎಂಟನೇ ಕ್ಲಾಸು. ಐದರಿಂದ ಏಳರವರೆಗಿನ ಸೈನ್ಸನ್ನೆಲ್ಲ ಒಮ್ಮೆ ತಿರುವಿ ಹಾಕಿ ಅಂತ ಟೀಚರ್ ಹೇಳಿದ್ದರಂತೆ. "ಇಷ್ಟು ಜನ ದೊಡ್ಡವರಿದ್ದೇವೆ, ಒಂದೊಂದು ಪ್ರಶ್ನೆ ಕೇಳುತ್ತೇವೆ, ಹೇಳು ಕೂಸೇ" ಅಂದರು ಭಟ್ರು. ನಮ್ಮ ಮರ್ಯಾದೆ ಹೋಗಲಿಕ್ಕೆ ಶುರುವಾದದ್ದು ಅಲ್ಲಿಂದ.

ಮೊದಲು ಮಾಷ್ಟ್ರು. "ಗ್ರಹಗಳು ಎಷ್ಟು?"

"ಎಂಟು."

"ತಪ್ಪು. ಒಂಬತ್ತು."

"ಪ್ಲೂಟೋವನ್ನು 2006ರಲ್ಲೇ ಪಟ್ಟಿಯಿಂದ ತೆಗೆದರು ಮಾಷ್ಟ್ರೇ. ಅದೀಗ ಕುಬ್ಜ ಗ್ರಹ."

ಮಾಷ್ಟ್ರು ಚಹಾದ ಲೋಟ ಕೆಳಗಿಟ್ಟರು. "ನಾನು ರಿಟೈರ್ ಆದದ್ದು 2005ರಲ್ಲಿ. ಅಲ್ಲಿವರೆಗೆ ಒಂಬತ್ತೂ ಸರಿಯಾಗಿಯೇ ಇತ್ತು. ಆಮೇಲೆ ಕಾಣೆಯಾದದ್ದಕ್ಕೆ ನಾನು ಜವಾಬ್ದಾರನಲ್ಲ."

"ನಮ್ಮ ನವಗ್ರಹದಲ್ಲಿ ಪ್ಲೂಟೋ ಮೊದಲೇ ಇರಲಿಲ್ಲ, ನೋಡಿ" ಅಂತ ಭಟ್ರು ಖುಷಿಪಟ್ಟರು. ಅದರಲ್ಲಿ ಸೂರ್ಯ ಇದ್ದಾನೆ, ಅವನು ನಕ್ಷತ್ರ. ಚಂದ್ರ ಇದ್ದಾನೆ, ಅವನು ಉಪಗ್ರಹ. ನಾವು ಕೂತ ಭೂಮಿಯೇ ಇಲ್ಲ ಅಂತ ಮಗಳು ಹೇಳಿದಾಗ ಅವರು ಎದ್ದು ಒಳಗೆ ಹೋದರು. ಬಾಳೆಕಾಯಿ ಚಿಪ್ಸ್ ತರಲಿಕ್ಕೆ ಅಂತೆ.

ಚಂದ್ರನ ಹೆಸರು ಬಂದದ್ದೇ ತಪ್ಪಾಯಿತು. ಅವಳು ದ್ರವ್ಯರಾಶಿ ಬೇರೆ, ತೂಕ ಬೇರೆ ಅಂದಳು. ಒಂದು ವಸ್ತುವಿನಲ್ಲಿ ಇರುವ ಸರಕು ದ್ರವ್ಯರಾಶಿ, ಅದು ಎಲ್ಲಿಗೆ ಹೋದರೂ ಅಷ್ಟೇ. ಅದನ್ನು ನೆಲ ಎಷ್ಟು ಜೋರಾಗಿ ಎಳೆಯುತ್ತದೋ ಅದು ತೂಕ. ಚಂದ್ರ ಎಳೆಯುವುದು ಭೂಮಿಯ ಆರರಲ್ಲಿ ಒಂದು ಪಾಲು ಮಾತ್ರ.

ಅಬ್ದುಲ್ಲಿಚ್ಚನ ಕಣ್ಣು ಸಣ್ಣದಾಯಿತು. "ಅಂದ್ರೆ ಆರು ಕ್ವಿಂಟಾಲ್ ಅಡಿಕೆ ಅಲ್ಲಿ ತೂಗಿದರೆ?"

"ಸ್ಪ್ರಿಂಗ್ ತಕ್ಕಡಿಯಲ್ಲಿ ಒಂದೇ ಕ್ವಿಂಟಾಲ್ ತೋರಿಸುತ್ತದೆ."

"ಅಡಿಕೆ ಕಮ್ಮಿ ಆಗುವುದಿಲ್ಲ ತಾನೆ?"

"ಒಂದು ಹೋಳೂ ಇಲ್ಲ."

"ಭಟ್ರೇ" ಅಂದರು ಅಬ್ದುಲ್ಲಿಚ್ಚ ನಿಧಾನಕ್ಕೆ, "ಈ ಸಲದ ವ್ಯಾಪಾರ ಚಂದ್ರನಲ್ಲಿ ಮಾಡುವ. ಅಲ್ಲಿ ತೂಗಿ ಕೊಳ್ಳುತ್ತೇನೆ, ಮಂಗಳೂರಿನಲ್ಲಿ ತೂಗಿ ಮಾರುತ್ತೇನೆ. ಲಾರಿ ಬಾಡಿಗೆ ನನ್ನದೇ."

ಭಟ್ರಿಗೆ ನಿಜಕ್ಕೂ ಗಾಬರಿಯಾಯಿತು. ಅವರ ಮುಖ ನೋಡಿ ಮಗಳೇ ಕಾಪಾಡಿದಳು. "ಅಪ್ಪ, ನೀವು ಹಳೇ ತಕ್ಕಡಿ, ಕಲ್ಲು ತೆಗೆದುಕೊಂಡು ಹೋಗಿ. ಆಗ ಕಲ್ಲಿನ ತೂಕವೂ ಅಷ್ಟೇ ಇಳಿಯುತ್ತದೆ. ಆರು ಕ್ವಿಂಟಾಲಿಗೆ ಆರೇ ಬರುತ್ತದೆ."

ಅಬ್ದುಲ್ಲಿಚ್ಚ ಅವಳನ್ನೇ ನೋಡಿದರು. "ಇವಳನ್ನು ಜಾಸ್ತಿ ಓದಿಸಬೇಡಿ ಭಟ್ರೇ. ನಮ್ಮಂಥವರು ಬದುಕಬೇಕಲ್ವಾ?"

ಅಷ್ಟು ಹೊತ್ತು ಅಂಗಳದ ಮಾಡಿನಡಿ ಐತಪ್ಪಣ್ಣ ಡ್ರಮ್ಮಿನಲ್ಲಿ ಕೊಳೆರೋಗದ ಮದ್ದು ಬೋರ್ಡೋ ಕಲಸುತ್ತಿದ್ದ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಕಲಸಿ, ಸೊಂಟದ ಕತ್ತಿ ತೆಗೆದು ಅದರಲ್ಲಿ ಅದ್ದಿ ಹಿಡಿದ. ಹೊರಗೆ ತೆಗೆದಾಗ ಅಲಗು ಕೆಂಪಗಾಗಿತ್ತು. "ಸುಣ್ಣ ಸಾಲದು" ಅಂದ.

"ಕೆಂಪು ಯಾಕೆ ಆಗುತ್ತದೆ ಐತಪ್ಪಣ್ಣ?" ಮಾಷ್ಟ್ರು ಕೇಳಿದರು. ಅವರಿಗೂ ಯಾರನ್ನಾದರೂ ಸೋಲಿಸಬೇಕಿತ್ತು.

"ಮದ್ದಿಗೆ ಸಿಟ್ಟು ಬಂದಿದೆ. ಸುಣ್ಣ ಹಾಕಿದರೆ ತಣಿಯುತ್ತದೆ."

ಮಗಳು ಪುಸ್ತಕ ಬಿಟ್ಟು ಅಂಗಳಕ್ಕಿಳಿದಳು. "ಅದು ತಾಮ್ರ! ಮೈಲುತುತ್ತಿನ ಒಳಗಿನ ತಾಮ್ರಕ್ಕಿಂತ ಕಬ್ಬಿಣ ಜೋರು. ಅದನ್ನು ತಳ್ಳಿ ತಾನು ಅಲ್ಲಿ ಕೂತುಕೊಳ್ಳುತ್ತದೆ. ಜಾಗ ಕಳೆದುಕೊಂಡ ತಾಮ್ರ ಕತ್ತಿಗೆ ಅಂಟುತ್ತದೆ. ಸುಣ್ಣ ಸಾಕಷ್ಟಿದ್ದರೆ ತಾಮ್ರ ಸುಣ್ಣದ ಜೊತೆ ಸೇರಿ ಗಟ್ಟಿಯಾಗಿಬಿಡುತ್ತದೆ, ಕತ್ತಿಗೆ ಸಿಗುವುದಿಲ್ಲ."

"ಕಾಸರಗೋಡು ಬಸ್ಸಿನ ಹಾಗೆ" ಅಂದ ಐತಪ್ಪಣ್ಣ. "ಜೋರಿನವ ಸೀಟಿನಲ್ಲಿ, ಪಾಪದವ ಬಾಗಿಲಿಗೆ ಅಂಟಿಕೊಂಡು."

ಇದಕ್ಕಿಂತ ಚೆನ್ನಾಗಿ ನನಗೆ ಯಾವ ಮಾಷ್ಟ್ರೂ ಹೇಳಿಕೊಟ್ಟಿರಲಿಲ್ಲ. ಮಾಷ್ಟ್ರು ಪಕ್ಕದಲ್ಲೇ ಇದ್ದ ಕಾರಣ ಬಾಯಿ ಬಿಡಲಿಲ್ಲ.

ಸುಮ್ಮನಿದ್ದರೆ ಆಗುವುದಿಲ್ಲ ಅಂತ ಮಾಷ್ಟ್ರು ಚರಿತ್ರೆಗೆ ಜಾರಿದರು. ಈ ಮದ್ದು ಫ್ರಾನ್ಸಿನ ಬೋರ್ಡೋ ಕಡೆಯದ್ದು. ದಾರಿಬದಿಯ ದ್ರಾಕ್ಷಿ ಕದಿಯುವವರಿಗೆ ಅಸಹ್ಯ ಆಗಲಿ ಅಂತ ಬೆಳೆಗಾರರು ಬಳ್ಳಿಗೆ ಮೈಲುತುತ್ತು, ಸುಣ್ಣ ಬಳಿಯುತ್ತಿದ್ದರಂತೆ. ಬಳಿದ ಬಳ್ಳಿಗೆ ರೋಗ ಬರುವುದಿಲ್ಲ ಅಂತ ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿ 1885ರಲ್ಲಿ ಅದನ್ನು ಪ್ರಕಟಿಸಿದ.

"ಕಳ್ಳರು ಇಲ್ಲದಿದ್ದರೆ ನಮ್ಮ ಅಡಿಕೆಗೆ ಕೊಳೆರೋಗವೇ ಗತಿ" ಅಂದರು ಭಟ್ರು, ಅಬ್ದುಲ್ಲಿಚ್ಚನ ಕಡೆ ನೋಡಿ.

ಅಬ್ದುಲ್ಲಿಚ್ಚ ನಗುತ್ತಾ ಎದ್ದು ಗಾಡಿಯಿಂದ ಎಲೆಕ್ಟ್ರಾನಿಕ್ ತಕ್ಕಡಿ ತಂದು ಜಗಲಿಯಲ್ಲಿಟ್ಟರು. ಭಟ್ರು ಅದನ್ನು ನೋಡಿದರು, ಮಗಳನ್ನು ನೋಡಿದರು. ಆಮೇಲೆ ಅಟ್ಟ ಹತ್ತಿ ಅಜ್ಜನ ಕಾಲದ ತಕ್ಕಡಿ ಇಳಿಸಲಿಕ್ಕೆ ಹೊರಟರು.

"ಭಟ್ರೇ, ನಾವು ಇನ್ನೂ ಭೂಮಿಯಲ್ಲೇ ಇದ್ದೇವೆ!" ಅಂತ ಅಬ್ದುಲ್ಲಿಚ್ಚ ಕೂಗಿದರು.

"ಇರಲಿ" ಅಂತ ಅಟ್ಟದಿಂದ ಧ್ವನಿ ಬಂತು. "ಕಲ್ಲು ಎಲ್ಲಿಟ್ಟಿದ್ದೇನೆ ಅಂತ ಹುಡುಕುತ್ತಿದ್ದೇನೆ."