ಅಪ್‌ಡೇಟ್: ಅಪ್ಪ ಮೀನು ತಿಂದರು!

ಮೀನಿನ ವಾಸನೆ ಆಗದ ಅಪ್ಪನಿಗೆ ಎಣ್ಣೆ ಕಡಿಮೆ ಹಾಕಿ ಯಾವ ಮೀನು ಮಾಡಲಿ ಅಂತ ಕೇಳಿದ್ದೆ. ಕಾಣೆ ಮೀನು (ಲೇಡಿಫಿಶ್) ತನ್ನಿ ಅಂದಿದ್ದಿರಿ.

ಕಾಸರಗೋಡು ಮಾರ್ಕೆಟ್‌ನಲ್ಲಿ ಬೆಳಿಗ್ಗೆಯೇ ಸಿಕ್ಕಿತು. ಕಣ್ಣು ತಿಳಿಯಾಗಿತ್ತು, ಕಿವಿರು ಕೆಂಪಗಿತ್ತು, ಬೆರಳಿಂದ ಒತ್ತಿದರೆ ಮಾಂಸ ಮತ್ತೆ ಮೇಲೇಳುತ್ತಿತ್ತು. ಬೆನ್ನೆಲುಬಿಗೆ ಅಂಟಿದ್ದ ರಕ್ತವನ್ನು ಹೆಬ್ಬೆರಳಿಂದ ಉಜ್ಜಿ ತೊಳೆದೆ. ಅರ್ಧ ವಾಸನೆ ಅಲ್ಲೇ ಹೋಯಿತು, ನಿಜಕ್ಕೂ! ಉಪ್ಪು, ಅರಿಶಿನ, ಕಾಳುಮೆಣಸು, ನಿಂಬೆರಸ ಸವರಿ, ಬಾಡಿಸಿದ ಬಾಳೆಎಲೆಯಲ್ಲಿ ಸುತ್ತಿ 12 ನಿಮಿಷ ಹಬೆಯಲ್ಲಿಟ್ಟೆ. ಎಲೆ ಬಿಚ್ಚಿದಾಗ ಮಾಂಸ ಬೆಳ್ಳಗಾಗಿ ಮುಳ್ಳಿನಿಂದ ಸುಲಭವಾಗಿ ಬಿಟ್ಟುಕೊಂಡಿತು.

ಅಪ್ಪ ಕುಚ್ಚಲಕ್ಕಿ ಗಂಜಿ ಜೊತೆ ಎರಡು ತಿಂದರು. ನನಗೆ ಕಣ್ಣು ತುಂಬಿತು.

ಒಮೆಗಾ-3 ಅನ್ನೋ ಒಳ್ಳೆ ಕೊಬ್ಬು ಬೂತಾಯಿಯಲ್ಲೇ (ಸಾರ್ಡೀನ್) ಜಾಸ್ತಿ, ಅಲ್ವಾ? ಆದರೆ ಅದರ ವಾಸನೆಯೂ ಜಾಸ್ತಿ. ಸದ್ಯ ಬೇಡ. ಮುಂದಿನ ವಾರ ನಂಗು ಮೀನು (ಸೋಲ್ ಫಿಶ್), ಚರ್ಮ ಸುಲಿಸಿಯೇ ತರುತ್ತೇನೆ.