ಸಹಾಯ ಬೇಕು: ಅಬ್ಸಲ್ಯೂಟ್ ಬ್ಯಾಟ್‌ಮನ್ ಬಿಡಿ ಸಂಚಿಕೆ ತರಿಸೋದು ಹೇಗೆ?

ಅಮೆರಿಕದಲ್ಲಿ ಪ್ರತಿ ಬುಧವಾರ ಹೊಸ ಕಾಮಿಕ್ಸ್ ಬರುತ್ತವೆ. ನಾವಿಲ್ಲಿ ಬಾಯಿ ಬಿಟ್ಟುಕೊಂಡು ಕಾಯಬೇಕು. 2024ರ ಅಕ್ಟೋಬರ್‌ನಲ್ಲಿ ಕಥೆಗಾರ ಸ್ಕಾಟ್ ಸ್ನೈಡರ್, ಚಿತ್ರಕಾರ ನಿಕ್ ಡ್ರಗೋಟಾ ಶುರು ಮಾಡಿದ ಈ ಬ್ಯಾಟ್‌ಮನ್ ಕಾಮಿಕ್ಸ್ ಸರಣಿ ನನಗೆ ಹುಚ್ಚು ಹಿಡಿಸಿದೆ. ಇಲ್ಲಿ ಬ್ರೂಸ್ ವೇಯ್ನ್ (ಬ್ಯಾಟ್‌ಮನ್‌ನ ನಿಜ ಹೆಸರು) ಮಾಮೂಲಿನಂತೆ ಕೋಟ್ಯಧಿಪತಿ ಅಲ್ಲ. ಅಮ್ಮ ಬದುಕಿದ್ದಾಳೆ. ಎದೆ ಮೇಲಿನ ಬಾವಲಿ ಗುರುತನ್ನೇ ಕಿತ್ತು ಕೊಡಲಿ ಮಾಡಿಕೊಳ್ಳುತ್ತಾನೆ! ಆ ಪುಟಕ್ಕೆ ಸಿಳ್ಳೆ ಹೊಡೆಯಬೇಕು. ಮೈಕಟ್ಟು ಮಾತ್ರ ಸ್ವಲ್ಪ ಜಾಸ್ತಿಯೇ ಆಯ್ತು. ನಾಯಕಿ ನರಕದಲ್ಲಿ ಬೆಳೆದ ಜೊತೆ ಸರಣಿ ಅಬ್ಸಲ್ಯೂಟ್ ವಂಡರ್ ವುಮನ್ ಇದಕ್ಕಿಂತ ಒಂದು ಕೈ ಮೇಲು ಅನ್ನೋದು ನನ್ನ ಅಭಿಪ್ರಾಯ, ಜಗಳಕ್ಕೆ ಬರಬೇಡಿ.

ಆರು ಸಂಚಿಕೆ ಸೇರಿಸಿದ ಪುಸ್ತಕ ಬೇಡ, ತೆಳ್ಳಗಿನ ಬಿಡಿ ಸಂಚಿಕೆಗಳೇ ಬೇಕು. ಬೆಂಗಳೂರಿನಲ್ಲಿ ಎಲ್ಲಾದರೂ ಸಿಗುತ್ತವಾ? ಹೊರದೇಶದಿಂದ ತರಿಸಿದವರಿದ್ದರೆ ಹೇಳಿ: ಅಂಚೆ ಖರ್ಚು, ಕಸ್ಟಮ್ಸ್ ಸುಂಕ ಎಷ್ಟು ಬಿತ್ತು? ಮೂಲೆ ಮಡಚದೆ ಬಂತಾ?