ಮಾರ್ಗದರ್ಶಕರ ವಿವರಣೆ ಬಾಯಿಪಾಠವಾಗುತ್ತಿದೆ: ಸಂಯೋಜಕರು ಏನು ಮಾಡಬೇಕು?

ಪ್ರಶ್ನೆ: ಹೊಸ ಸಂಯೋಜಕಿ

ಎಲ್ಲರಿಗೂ ನಮಸ್ಕಾರ. ಹತ್ತು ತಿಂಗಳಿಂದ ನಾನು ಮಧ್ಯಮ ಗಾತ್ರದ ಒಂದು ವಸ್ತುಸಂಗ್ರಹಾಲಯದಲ್ಲಿ ಸಾರ್ವಜನಿಕ ಶಿಕ್ಷಣ ಕಾರ್ಯಕ್ರಮದ ಸಂಯೋಜಕಿಯಾಗಿದ್ದೇನೆ. ಅದಕ್ಕೂ ಮೊದಲು ಇಲ್ಲಿಯ ದಾಖಲೆ ವಿಭಾಗದಲ್ಲೇ ಇದ್ದುದರಿಂದ ವಸ್ತುಗಳ ಪರಿಚಯ ಚೆನ್ನಾಗಿಯೇ ಇದೆ. ಸಿಬ್ಬಂದಿಯನ್ನು ಹೊಂದಿಸಿಕೊಂಡು ಕೆಲಸ ನಡೆಸುವುದು ಮಾತ್ರ ಹೊಸದು. ನಾಲ್ವರು ಕಾಯಂ ಮಾರ್ಗದರ್ಶಕರು, ವಾರಕ್ಕೆ ಎರಡು ದಿನ ಬರುವ ಒಂಬತ್ತು ಮಂದಿ ಸ್ವಯಂಸೇವಕರು ಮತ್ತು ಬುಕಿಂಗ್ ನೋಡಿಕೊಳ್ಳುವ ಒಬ್ಬ ಸಹಾಯಕರು ನಮ್ಮ ತಂಡದಲ್ಲಿದ್ದಾರೆ.

ದಿನಕ್ಕೆ ಮೂರು ಶಾಲೆಗಳಿಂದ, ಶಾಲೆಗೆ ಸುಮಾರು 60ರಂತೆ ಮಕ್ಕಳು ಬರುತ್ತಾರೆ. ಅವರನ್ನು ಹದಿನೈದರ ನಾಲ್ಕು ಗುಂಪು ಮಾಡಿ, ನಾಲ್ಕು ಗ್ಯಾಲರಿಗಳಿಗೆ ಕಳಿಸಿ, ಕಾಲು ಗಂಟೆಗೊಮ್ಮೆ ಗುಂಪುಗಳನ್ನು ಬದಲಿಸುತ್ತೇವೆ. ಮಾರ್ಗದರ್ಶಕರು ತಮ್ಮ ತಮ್ಮ ಗ್ಯಾಲರಿಯಲ್ಲೇ ನಿಂತಿರುತ್ತಾರೆ.

ಕಳೆದ ತಿಂಗಳು ಲೋಹದ ವಸ್ತುಗಳ ಗ್ಯಾಲರಿಯಲ್ಲಿ ಮಕ್ಕಳ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಹದಿನಾರು ವರ್ಷಗಳಿಂದ ಕೆಲಸ ಮಾಡುತ್ತಿರುವ ಹಿರಿಯರೊಬ್ಬರು ಒಂದು ದೊಡ್ಡ ತಾಮ್ರದ ಪಾತ್ರೆಯ ಎತ್ತರ, ತೂಕ, ಕಾಲ ಎಲ್ಲವನ್ನೂ ತಡವರಿಸದೆ ಹೇಳುತ್ತಿದ್ದರು. ಮುಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಬಗ್ಗಿ ನೋಡಿ, ಪಾತ್ರೆಯ ತಳದಲ್ಲಿದ್ದ ತೇಪೆಯತ್ತ ಬೆರಳು ತೋರಿಸಿ, "ಇದು ತೂತಾದ ಮೇಲೂ ಯಾಕೆ ಎಸೆಯಲಿಲ್ಲ?" ಎಂದು ಕೇಳಿದಳು. ಪ್ರಶ್ನೆಗಳನ್ನು ಕೊನೆಯಲ್ಲಿ ಕೇಳೋಣ ಎಂದು ಅವರು ವಿವರಣೆ ಮುಂದುವರಿಸಿದರು. ಅಷ್ಟರಲ್ಲಿ ಗಂಟೆ ಬಾರಿಸಿತು, ಗುಂಪು ಮುಂದಿನ ಗ್ಯಾಲರಿಗೆ ಹೋಯಿತು. ಆ ಹುಡುಗಿಯ ಮುಖ ನನಗೆ ಇನ್ನೂ ಮರೆತಿಲ್ಲ.

ಇದನ್ನು ಸರಿಪಡಿಸಬೇಕೆಂದು ಹನ್ನೆರಡು ಪುಟಗಳ ಹೊಸ ವಿವರಣೆಯನ್ನು ನಾನೇ ಬರೆದು, ಎರಡು ದಿನ ತರಬೇತಿಯನ್ನೂ ಕೊಡಿಸಿದೆ. ಆದರೆ ಈಗ ಎಲ್ಲರೂ ಆ ಹನ್ನೆರಡು ಪುಟಗಳನ್ನೇ ಬಾಯಿಪಾಠ ಒಪ್ಪಿಸುತ್ತಿದ್ದಾರೆ. ವಯಸ್ಸಿನಲ್ಲಿಯೂ ಅನುಭವದಲ್ಲಿಯೂ ನನಗಿಂತ ಹಿರಿಯರಾದವರ ಮನಸ್ಸು ನೋಯದಂತೆ ಇದನ್ನು ಬದಲಿಸುವುದು ಹೇಗೆ? ತಿಂಗಳ ವರದಿಯಲ್ಲಿ ಎಷ್ಟು ಮಕ್ಕಳು ಬಂದರು ಎಂಬ ಒಂದೇ ಅಂಕಣ ಇರುವಾಗ, ಇಂಥ ಬದಲಾವಣೆ ಬೇಕೆಂದು ಆಡಳಿತಕ್ಕೆ ಮನವರಿಕೆ ಮಾಡಿಕೊಡುವುದಾದರೂ ಹೇಗೆ?

ಉತ್ತರ 1: ಹಿಂದೆ ಸಂಯೋಜಕರಾಗಿದ್ದವರು

ತಾವು ಕೊಟ್ಟಿರುವ ಲೆಕ್ಕದಲ್ಲಿಯೇ ಕಾರಣ ಸಿಗುತ್ತದೆ. ಮೂರು ಶಾಲೆ, ಶಾಲೆಗೆ ನಾಲ್ಕು ಗುಂಪು ಎಂದರೆ ಒಬ್ಬ ಮಾರ್ಗದರ್ಶಕರು ಅದೇ ಜಾಗದಲ್ಲಿ ನಿಂತು ಅದೇ ಪಾತ್ರೆಯ ಬಗ್ಗೆ ದಿನಕ್ಕೆ ಹನ್ನೆರಡು ಸಲ ಮಾತನಾಡಬೇಕು. ಎಂಥ ಉತ್ಸಾಹಿಯಾದರೂ ಏಳನೆಯ ಸಲಕ್ಕೆ ಗಂಟಲನ್ನೂ ಮನಸ್ಸನ್ನೂ ಉಳಿಸಿಕೊಳ್ಳಲು ಬಾಯಿಪಾಠದ ಮೊರೆ ಹೋಗುತ್ತಾರೆ. ಇದು ಅವರ ಸ್ವಭಾವದ ದೋಷವಲ್ಲ, ವೇಳಾಪಟ್ಟಿಯ ದೋಷ. ವೇಳಾಪಟ್ಟಿಯನ್ನು ಹಾಗೆಯೇ ಬಿಟ್ಟು ವಿವರಣೆಯನ್ನು ಮಾತ್ರ ಬದಲಿಸಿದ್ದರಿಂದ ಹಳೆಯ ಪಾಠ ಹೋಗಿ ಹೊಸ ಪಾಠ ಬಂದಿದೆ, ಅಷ್ಟೆ.

ನನ್ನ ಸಲಹೆ ಇಷ್ಟು. ಮಾರ್ಗದರ್ಶಕರನ್ನು ಗ್ಯಾಲರಿಗೆ ಕಟ್ಟಿಹಾಕದೆ ಗುಂಪಿನ ಜೊತೆಗೆ ಕಳಿಸಿ. ಒಂದು ಗಂಟೆ ಅದೇ ಹದಿನೈದು ಮಕ್ಕಳೊಡನೆ ಓಡಾಡಿದವರಿಗೆ ಯಾರು ಮಾತುಗಾರರು, ಯಾರು ಸುಮ್ಮನಿದ್ದು ಎಲ್ಲವನ್ನೂ ಗಮನಿಸುವವರು ಎಂಬುದು ಎರಡನೆಯ ಗ್ಯಾಲರಿಗೆ ಹೋಗುವಷ್ಟರಲ್ಲಿ ತಿಳಿಯುತ್ತದೆ, ಮೊದಲ ಗ್ಯಾಲರಿಯಲ್ಲಿ ಕೇಳಿದ ಪ್ರಶ್ನೆಗೆ ಮೂರನೆಯದರಲ್ಲಿ ಉತ್ತರ ತೋರಿಸುವ ಅವಕಾಶವೂ ಇರುತ್ತದೆ. ಹೀಗೆ ಮಾಡಿದರೆ ಒಂದು ವಸ್ತುವಿನ ಬಗ್ಗೆ ದಿನಕ್ಕೆ ಹನ್ನೆರಡು ಸಲ ಮಾತನಾಡುವ ಬದಲು ಮೂರು ಸಲ ಮಾತನಾಡಿದರೆ ಸಾಕು. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಪ್ರತಿಯೊಬ್ಬರೂ ನಾಲ್ಕೂ ಗ್ಯಾಲರಿಗಳನ್ನು ಕಲಿಯಬೇಕಾಗುತ್ತದೆ, ಮೊದಲ ಎರಡು ತಿಂಗಳು ಗೊಣಗಾಟ ತಪ್ಪಿದ್ದಲ್ಲ.

ಗುಂಪುಗಳು ಬೇರೆ ಬೇರೆ ಗ್ಯಾಲರಿಗಳಿಂದ ಆರಂಭಿಸುವುದರಿಂದ ಕಾಲಾನುಕ್ರಮದ ಕಥೆಯನ್ನು ಹೇಳಲು ಹೋಗಬೇಡಿ. ಗುಂಪು ನಿಂತು ನೋಡುವ ಪ್ರತಿ ನಿಲ್ದಾಣವೂ ತನ್ನಷ್ಟಕ್ಕೆ ತಾನು ನಿಲ್ಲುವಂತಿರಬೇಕು. ಗ್ಯಾಲರಿಗೆ ಒಂದೇ ವಸ್ತು ಸಾಕು. ಬಾಸ್ಟನ್ನಿನ ಲಲಿತಕಲಾ ವಸ್ತುಸಂಗ್ರಹಾಲಯದ ಬೆಂಜಮಿನ್ ಐವ್ಸ್ ಗಿಲ್ಮನ್ 1916ರಲ್ಲಿಯೇ, ಪ್ರದರ್ಶನವನ್ನು ನೋಡಲು ಬಗ್ಗಿ, ಕುಕ್ಕರಿಸಿ, ಕತ್ತು ಚಾಚಬೇಕಾದ ವೀಕ್ಷಕರ ಅವಸ್ಥೆಯನ್ನು ಛಾಯಾಚಿತ್ರಗಳ ಸಮೇತ ತೋರಿಸಿ, ಅದನ್ನು ವಸ್ತುಸಂಗ್ರಹಾಲಯದ ಆಯಾಸವೆಂದು ಕರೆದರು. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಕಲಾ ಸಂಗ್ರಹಾಲಯದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವೀಕ್ಷಕರು ಒಂದು ಕಲಾಕೃತಿಯ ಮುಂದೆ ನಿಂತ ಸರಾಸರಿ ಸಮಯ 27 ಸೆಕೆಂಡು ಮಾತ್ರ. ಯಾರೂ ಜೊತೆಗಿಲ್ಲದಾಗ ನೋಟ ಹೀಗೆ ಜಾರಿಹೋಗುತ್ತದೆ. ಹತ್ತು ನಿಮಿಷ ಒಂದೇ ವಸ್ತುವಿನ ಮುಂದೆ ಮಕ್ಕಳನ್ನು ನಿಲ್ಲಿಸಿಕೊಳ್ಳಬಲ್ಲ ಮನುಷ್ಯರು ಬೇಕಾಗುವುದು ಅದಕ್ಕಾಗಿಯೇ.

ಶಾಲೆಯ ಬಸ್ಸು ಇಪ್ಪತ್ತು ನಿಮಿಷ ತಡವಾದ ದಿನ ಪ್ರತಿ ಗ್ಯಾಲರಿಯ ಸಮಯವನ್ನು ಕತ್ತರಿಸಬೇಡಿ, ಒಂದು ಗ್ಯಾಲರಿಯನ್ನೇ ಕೈಬಿಡಿ. ಯಾವುದನ್ನು ಬಿಡಬೇಕೆಂಬ ತೀರ್ಮಾನ ಆಯಾ ಮಾರ್ಗದರ್ಶಕರದೇ ಆಗಿರಲಿ. ಎರಡು ಶಾಲೆಗಳ ನಡುವೆ ಅರ್ಧ ಗಂಟೆಯ ಬಿಡುವನ್ನು ಬುಕಿಂಗ್ ಪಟ್ಟಿಯಲ್ಲಿಯೇ ಮುದ್ರಿಸಿಬಿಡಿ. ಬರಹದಲ್ಲಿಲ್ಲದ ಬಿಡುವು ಯಾರಿಗೂ ಸಿಗುವುದಿಲ್ಲ.

ಉತ್ತರ 2: ಗ್ಯಾಲರಿ ಮಾರ್ಗದರ್ಶಕಿ

ನಾನು ಆ ಹಿರಿಯರ ಜಾಗದಲ್ಲಿ ನಿಂತವಳು, ಆದ್ದರಿಂದ ಅವರ ಪರವಾಗಿ ಎರಡು ಮಾತು ಹೇಳಬೇಕಾಗಿದೆ. ವೇಳಾಪಟ್ಟಿ ಒಂದು ಕಾರಣವಾದರೆ, ಭಯ ಇನ್ನೊಂದು ಕಾರಣ. ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದರೆ ಏನು ಗತಿ, ಪಕ್ಕದಲ್ಲಿ ಹಾದುಹೋಗುವ, ಸಂಗ್ರಹದ ಹೊಣೆ ಹೊತ್ತ ಕ್ಯುರೇಟರ್ ತಪ್ಪು ಕೇಳಿಸಿಕೊಂಡರೆ ಏನೆಂದುಕೊಳ್ಳುತ್ತಾರೆ ಎಂಬ ಅಳುಕಿನಲ್ಲಿ ನಾವು ಮಾತಿಗೆ ಬಿಡುವೇ ಕೊಡುವುದಿಲ್ಲ. ನನಗೆ ಈ ಭಯ ಬಿಟ್ಟದ್ದು, ನಮ್ಮ ಹಿಂದಿನ ಸಂಯೋಜಕರು ಒಂದು ದಿನ ಮಕ್ಕಳೆದುರಿಗೇ "ಇದು ನನಗೂ ಗೊತ್ತಿಲ್ಲ, ಬನ್ನಿ, ಹತ್ತಿರ ಹೋಗಿ ನೋಡೋಣ" ಎಂದದ್ದನ್ನು ಕಂಡ ಮೇಲೆ.

ಶಾಲಾ ತರಗತಿಗಳನ್ನು ಅಧ್ಯಯನ ಮಾಡಿದ ಮೇರಿ ಬಡ್ ರೋ, ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಷ್ಟೇ ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಾರೆ ಎಂದು 1970ರ ದಶಕದಲ್ಲಿ ತೋರಿಸಿಕೊಟ್ಟರು. ಮೂರು ಸೆಕೆಂಡು ಸುಮ್ಮನಿರುವುದು ಹನ್ನೆರಡು ಪುಟ ಕಲಿಯುವುದಕ್ಕಿಂತ ಕಷ್ಟ. ನಾನು ಬೆನ್ನ ಹಿಂದೆ ಬೆರಳು ಮಡಿಚುತ್ತಾ ಎಣಿಸುತ್ತಿದ್ದೆ. ಫಿಲಿಪ್ ಯೆನಾವೈನ್ ಮತ್ತು ಅಬಿಗೇಲ್ ಹೌಸೆನ್ ರೂಪಿಸಿದ ವಿಧಾನದಲ್ಲಿ ಚಿತ್ರದ ಮುಂದೆ ಕೇಳುವುದು ಮೂರೇ ಪ್ರಶ್ನೆ: ಇಲ್ಲಿ ಏನು ನಡೆಯುತ್ತಿದೆ, ಏನನ್ನು ನೋಡಿ ಹಾಗೆ ಹೇಳುತ್ತೀರಿ, ಇನ್ನೂ ಏನೇನು ಕಾಣುತ್ತದೆ. ಎರಡನೆಯ ಪ್ರಶ್ನೆಯೇ ಅದರ ಜೀವ, ಏಕೆಂದರೆ ಅದು ಮಗುವನ್ನು ಊಹೆಯಿಂದ ಮತ್ತೆ ವಸ್ತುವಿನ ಹತ್ತಿರಕ್ಕೆ ತರುತ್ತದೆ. ಹಾಗೆಂದು ಮಾಹಿತಿಯನ್ನೇ ಕೊಡಬಾರದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ತೇಪೆಯ ಬಗ್ಗೆ ನಾಲ್ಕು ಮಕ್ಕಳು ವಾದಿಸಿದ ಮೇಲೆ, ತಾಮ್ರ ದುಬಾರಿಯಾದ ಲೋಹ, ಬಡಿದು ಬೆಸೆದು ರಿಪೇರಿ ಮಾಡಲು ಬರುವಂಥದ್ದು ಎಂದು ಹೇಳಿ ನೋಡಿ. ಆಗ ಆ ಮಾತು ಹಸಿದವರಿಗೆ ಬಡಿಸಿದಂತೆ ಇಳಿಯುತ್ತದೆ.

ಹಿರಿಯರ ಮನಸ್ಸು ನೋಯಬಾರದು ಎಂದಿದ್ದೀರಿ. ಹಾಗಾದರೆ ಅವರನ್ನು ಗಮನಿಸುವ ಮೊದಲು ತಾವೇ ಒಂದು ಗುಂಪನ್ನು ಕರೆದೊಯ್ಯಿರಿ, ಅವರು ಹಿಂದೆ ನಿಂತು ಗಮನಿಸಲಿ. ಅವರ ಕೈಗೆ ಅಂಕ ಕೊಡುವ ಪಟ್ಟಿಯನ್ನು ಕೊಡಬೇಡಿ, ಖಾಲಿ ಹಾಳೆ ಕೊಡಿ. ಅದರಲ್ಲಿ ಮಕ್ಕಳು ಆಡಿದ ಮಾತುಗಳನ್ನು ಮಾತ್ರ ಬರೆಯಬೇಕು, ಮಾರ್ಗದರ್ಶಕರ ಬಗ್ಗೆ ಒಂದಕ್ಷರವೂ ಇರಬಾರದು. ಮರುವಾರ ಸರದಿ ಬದಲಿಸಿ. ಹಾಳೆಯಲ್ಲಿ ಮಕ್ಕಳ ಮಾತು ಎರಡೇ ಸಾಲಿದ್ದರೆ ಯಾರೂ ಏನೂ ಹೇಳಬೇಕಾಗಿಲ್ಲ, ಓದಿದವರಿಗೇ ತಿಳಿಯುತ್ತದೆ. ಮಕ್ಕಳ ಮುಂದೆ ಮಾತ್ರ ಯಾವ ಕಾರಣಕ್ಕೂ ತಿದ್ದಬೇಡಿ.

ಉತ್ತರ 3: ಸಂರಕ್ಷಣಾ ವಿಭಾಗದವರು

ಗಾಜಿಲ್ಲದೆ ತೆರೆದಿಟ್ಟ ಪಾತ್ರೆಯಾಗಿದ್ದರೆ ಒಂದು ವಿಷಯವನ್ನು ಈಗಲೇ ಹೇಳಬೇಕು. ಮಕ್ಕಳು ಹತ್ತಿರ ಹೋಗಿ ನೋಡುವ ಪದ್ಧತಿ ಬಂದರೆ ಮುಟ್ಟುವುದೂ ಹೆಚ್ಚುತ್ತದೆ. ಬೆವರಿನಲ್ಲಿರುವ ಉಪ್ಪು ತಾಮ್ರದ ಮೇಲೆ ಕೂತು ಬೆರಳಚ್ಚಿನ ಆಕಾರದಲ್ಲಿಯೇ ಕಲೆಗಟ್ಟುತ್ತದೆ, ಅದನ್ನು ತೆಗೆಯಹೋದರೆ ಮೇಲ್ಮೈ ಸವೆಯುತ್ತದೆ. ಆದ್ದರಿಂದ ಮುಟ್ಟಲೆಂದೇ ಒಂದು ಪ್ರತಿಕೃತಿಯನ್ನು ಮಾಡಿಸಿ, ಅದಕ್ಕೂ ತೇಪೆ ಹಾಕಿಸಿ. ಬಟ್ಟೆ, ಕಾಗದ, ಜಲವರ್ಣಗಳ ಗ್ಯಾಲರಿಯಲ್ಲಿ ಬೆಳಕು ಸಾಮಾನ್ಯವಾಗಿ 50 ಲಕ್ಸ್‌ಗೆ (ಲಕ್ಸ್ ಎಂದರೆ ಬೆಳಕಿನ ಪ್ರಮಾಣದ ಅಳತೆ) ಮಿತಿಗೊಂಡಿರುತ್ತದೆ. ಮಕ್ಕಳಿಗೆ ಕಾಣುವುದಿಲ್ಲವೆಂದು ಟಾರ್ಚ್ ಹಿಡಿಯುವ ಮಾರ್ಗದರ್ಶಕರನ್ನು ನಾನು ನೋಡಿದ್ದೇನೆ. ಬೆಳಕಿನ ಹಾನಿ ದಿನದಿನಕ್ಕೂ ಕೂಡುತ್ತಾ ಹೋಗುತ್ತದೆಯೇ ಹೊರತು ವಾಸಿಯಾಗುವುದಿಲ್ಲ. ಕಣ್ಣು ಮಂದ ಬೆಳಕಿಗೆ ಹೊಂದಿಕೊಳ್ಳಲು ಬಾಗಿಲ ಬಳಿಯೇ ಎರಡು ನಿಮಿಷ ನಿಲ್ಲಿಸಿ, ಯಾಕೆ ಕತ್ತಲಿದೆ ಎಂಬುದನ್ನೇ ಮೊದಲ ಪ್ರಶ್ನೆಯಾಗಿ ಮಾಡಿಕೊಳ್ಳಬಹುದು.

ಹೊಸ ನಿಲ್ದಾಣಗಳನ್ನು ಗೊತ್ತುಮಾಡುವ ಸಭೆಗೆ ನಮ್ಮ ವಿಭಾಗದವರನ್ನೂ ಕರೆಯಿರಿ. ಎಲ್ಲ ಮುಗಿದ ಮೇಲೆ ಸಹಿಗೆಂದು ಕಡತ ಬಂದಾಗಲೇ ನಾವು ಬೇಡ ಎನ್ನುವವರಾಗಿ ಕಾಣಿಸುತ್ತೇವೆ.

ಉತ್ತರ 4: ಸ್ವಯಂಸೇವಕರ ಹೊಣೆ ಹೊತ್ತಿರುವವರು

ಮೊದಲ ಉತ್ತರದ ಬಹುಪಾಲನ್ನು ಒಪ್ಪುತ್ತೇನೆ, ಆದರೆ ಒಂದು ಎಚ್ಚರಿಕೆ ಬೇಕು. ವೇಳಾಪಟ್ಟಿಯಲ್ಲಿ ಬಿಡುವು ಮಾಡಿದಾಗ ಆ ಜಾಗಕ್ಕೆ ಸ್ವಯಂಸೇವಕರನ್ನು ತುಂಬಿದರಾಯಿತು ಎಂದು ಆಡಳಿತ ಹೇಳುವುದು ಖಂಡಿತ. ಬಾಸ್ಟನ್ನಿನ ಅದೇ ಸಂಗ್ರಹಾಲಯ 1907ರಲ್ಲಿ ವೀಕ್ಷಕರ ಜೊತೆ ನಡೆದು ವಿವರಿಸುವವರನ್ನು ನೇಮಿಸಿಕೊಂಡು ಅವರಿಗೆ ಡೋಸೆಂಟ್ ಎಂಬ ಹೆಸರು ಕೊಟ್ಟಿತು. ಮುಂದೆ ಎಷ್ಟೋ ಕಡೆ ಆ ಕೆಲಸ ಸಂಬಳವಿಲ್ಲದ ಕೆಲಸವಾಯಿತು. 2021ರಲ್ಲಿ ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್ ಸಂಬಳದ ಶಿಕ್ಷಕರನ್ನು ತೆಗೆದುಕೊಳ್ಳುವ ಉದ್ದೇಶದಿಂದ ತನ್ನ ಸ್ವಯಂಸೇವಾ ಡೋಸೆಂಟ್ ವ್ಯವಸ್ಥೆಯನ್ನು ನಿಲ್ಲಿಸಿದಾಗ, ವರ್ಷಗಟ್ಟಲೆ ದುಡಿದವರ ನೋವು ಒಂದು ಕಡೆ, ಈ ಕೆಲಸಕ್ಕೆ ಸಂಬಳ ಇರಲೇಬೇಕೆಂಬ ವಾದ ಇನ್ನೊಂದು ಕಡೆ ಎಂದು ದೊಡ್ಡ ಚರ್ಚೆಯೇ ನಡೆಯಿತು. ಎರಡರಲ್ಲೂ ನ್ಯಾಯವಿದೆ ಎಂದೇ ನನ್ನ ಅಭಿಪ್ರಾಯ.

ನಿಮ್ಮ ಒಂಬತ್ತು ಮಂದಿಯನ್ನು ಕಾಯಂ ಸಿಬ್ಬಂದಿಯ ಬದಲಿಗೆ ನಿಲ್ಲಿಸಬೇಡಿ, ಜೊತೆಗೆ ನಿಲ್ಲಿಸಿ. ಗುಂಪಿಗೆ ಇಬ್ಬರಾದರೆ ಒಬ್ಬರು ಮಾತನಾಡುವಾಗ ಇನ್ನೊಬ್ಬರು ಹಿಂದೆ ಉಳಿದ ಮಕ್ಕಳ ಜೊತೆ ಇರಬಹುದು, ಆ ಖಾಲಿ ಹಾಳೆಯನ್ನೂ ಅವರೇ ಬರೆಯಬಹುದು. ಇನ್ನು ಆಡಳಿತದ ಮಾತು: ಅಂತಾರಾಷ್ಟ್ರೀಯ ವಸ್ತುಸಂಗ್ರಹಾಲಯ ಮಂಡಳಿ 2022ರಲ್ಲಿ ಪ್ರಾಗ್ ನಗರದಲ್ಲಿ ಅಂಗೀಕರಿಸಿದ ವ್ಯಾಖ್ಯೆಯಲ್ಲಿ ಸಂಶೋಧನೆ, ಸಂಗ್ರಹ, ಸಂರಕ್ಷಣೆ, ಪ್ರದರ್ಶನಗಳ ಸಾಲಿನಲ್ಲಿಯೇ ಅರ್ಥವಿವರಣೆಯೂ ಸೇರಿದೆ, ಶಿಕ್ಷಣ, ಆನಂದ, ಚಿಂತನೆಗಳನ್ನು ಹೆಸರಿಸಲಾಗಿದೆ. ತಲೆ ಎಣಿಕೆಯ ಅಂಕಣವೊಂದೇ ಇರುವ ವರದಿಗೆ ಇನ್ನೊಂದು ಅಂಕಣ ಸೇರಿಸಲು ಇಷ್ಟು ಆಧಾರ ಸಾಕು.

ಪ್ರಶ್ನೆ ಕೇಳಿದವರಿಂದ: ಹೊಸ ಸಂಯೋಜಕಿ

ಐದು ವಾರಗಳ ನಂತರ ಬರೆಯುತ್ತಿದ್ದೇನೆ. ತಮ್ಮೆಲ್ಲರ ಉತ್ತರಗಳನ್ನು ಮುದ್ರಿಸಿ ತಂಡದ ಸಭೆಯಲ್ಲಿ ಓದಿದೆ. ಹನ್ನೆರಡು ಸಲ ಎಂಬ ಲೆಕ್ಕ ಬಂದಾಗ ಆ ಹಿರಿಯರು, "ಇಷ್ಟು ವರ್ಷದಲ್ಲಿ ಇದನ್ನು ಯಾರೂ ಎಣಿಸಿರಲಿಲ್ಲ" ಎಂದರು. ಹನ್ನೆರಡು ಪುಟ ಬರೆಯುವ ಮೊದಲು ನಾನು ಎಣಿಸಬೇಕಾಗಿತ್ತು.

ಮೊದಲು ನಾನೇ ಒಂದು ಗುಂಪನ್ನು ಕರೆದೊಯ್ದೆ. ಅವರು ಹಿಂದೆ ನಿಂತು ಬರೆದ ಹಾಳೆಯಲ್ಲಿ ಮಕ್ಕಳ ಮಾತು ಐದು ಸಾಲಿತ್ತು, ಅದರಲ್ಲಿ ಎರಡು "ನೀರು ಎಲ್ಲಿದೆ?" ಎಂಬುದೇ ಆಗಿತ್ತು. ಈಗ ಪ್ರವೇಶದ್ವಾರದಲ್ಲಿಯೇ ನೀರು ಕುಡಿಸಿ ಒಳಗೆ ಬಿಡುತ್ತೇವೆ. ಮಾರ್ಗದರ್ಶಕರು ಗುಂಪಿನ ಜೊತೆಯಲ್ಲೇ ಓಡಾಡುತ್ತಾರೆ. ನಡುವೆ ಬಿಡುವು ಸಿಗಲೆಂದು ದಿನಕ್ಕೆ ಎರಡೇ ಶಾಲೆ ಇರಲಿ ಎಂದು ಕೇಳಿದ್ದೆ, ಅದಕ್ಕೆ ಆಡಳಿತ ಪೂರ್ತಿ ಒಪ್ಪಿಲ್ಲ. ವಾರದಲ್ಲಿ ಮೂರು ದಿನ ಎರಡು, ಉಳಿದ ದಿನ ಮೂರು ಎಂದು ಸದ್ಯಕ್ಕೆ ತೀರ್ಮಾನವಾಗಿದೆ. ತಿಂಗಳ ವರದಿಗೆ ಮಕ್ಕಳ ಮಾತುಗಳ ಎರಡು ಪುಟಗಳನ್ನು ಲಗತ್ತಿಸಿದ್ದೆ. ನಿರ್ದೇಶಕರು ಅದನ್ನು ಓದಿ, ಮುಂದಿನ ತಿಂಗಳೂ ಕಳಿಸಿ ಎಂದಿದ್ದಾರೆ.

ಸಂರಕ್ಷಣಾ ವಿಭಾಗದವರು ತೇಪೆ ಹಾಕಿದ ಪ್ರತಿಕೃತಿಗೆ ಒಪ್ಪಿಗೆ ಕೊಟ್ಟಿದ್ದಾರೆ. ತಾಮ್ರದಲ್ಲಿಯೇ ಮಾಡಿಸಬೇಕೋ, ದಿನಕ್ಕೆ ನೂರಾರು ಕೈಗಳು ಮುಟ್ಟುವುದರಿಂದ ಬೇರೆ ಲೋಹ ಲೇಸೋ ಎಂಬುದನ್ನು ಗೊತ್ತಿದ್ದವರು ತಿಳಿಸಿದರೆ ಉಪಕಾರವಾಗುತ್ತದೆ. ಪಾತ್ರೆಯ ಭಾರವನ್ನೂ ಮಕ್ಕಳು ಎತ್ತಿ ನೋಡುವಂತಿರಬೇಕು ಎಂಬುದು ಆ ಹಿರಿಯರ ಒತ್ತಾಯ.